ಮೈಸೂರು ರಸ್ತೆಯಲ್ಲಿ ಜಪಾನು

ಬೆಂಗಳೂರಿನಲ್ಲಿ ‘ಜಪಾನ್ ಹಬ್ಬ’ ಎಂಬುದೊಂದು ನಡೆಯುತ್ತದೆಂಬ ಸಂಗತಿ ವಾಚಕರಲ್ಲಿ ಹಲವರಿಗೆ ತಿಳಿದಿರಬಹುದು. ೨೦೦೫ರಲ್ಲಿ ಮೊದಲಾದ ಉತ್ಸವ ಇದು. ಜಪಾನೀಯರು ಕನ್ನಡದ ಹಾಡು ಹಾಡುತ್ತಾರೆ. ನಮ್ಮ ಹುಡುಗ ಹುಡುಗಿಯರು ಜಪಾನೀ ಹಾಡು ಹಾಡುತ್ತಾರೆ. ಕಾಗದವನ್ನು ಮಡಿಸಿ ಕೊಕ್ಕರೆ ಮಾಡುವ ಒರಿಗಾಮಿ, ಕುಂಚದಿಂದ ಅಕ್ಷರ ಬರೆಯುವ ವಿದ್ಯೆ, ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟು ಸುತ್ತುಗಟ್ಟಿ ಕುಣಿಯುವ ಬೋನ್ ಕುಣಿತ, ಇವೆಲ್ಲ ಅಲ್ಲಿ ನೋಡಸಿಕ್ಕುತ್ತವೆ. ಬೋನ್ ಎಂದರೆ ಪಿತೃಗಳು ಮನೆಗೆ ಬಂದುಹೋಗುವ ದಿನಗಳು. ನಮ್ಮ ಮಹಾಲಯ ಪಕ್ಷವಿದ್ದಂತೆ. ನಾವು ಆ ದಿನಗಳಲ್ಲಿ ಎಡೆಯಿಟ್ಟು ಸುಮ್ಮನಿರುತ್ತೇವೆ, ಅವರು ಕುಣಿಯುತ್ತಾರೆ, ಅಷ್ಟೇ ಭೇದ. ಉತ್ಸವಕ್ಕೆ ‘ಹಬ್ಬ’ವೆಂಬ ನಮ್ಮ ಮಾತನ್ನೇ ಇಟ್ಟುಕೊಂಡದ್ದು ಮಾತ್ರ ನನಗೆ ಬಹಳ ಉಚಿತವಾಗಿ ತೋರುತ್ತದೆ. ಏಕೆಂದರೆ ಜಪಾನಿನಿಂದ ನಮ್ಮಲ್ಲಿಗೆ ಬಂದ ವಿದ್ಯೆಗಳಲ್ಲಿ ಉಳಿದು ಬಾಳಿದವು ಈ ನೆಲದ ಹೆಸರನ್ನೂ ಹದವನ್ನೂ ಹೊಂದಿದವುಗಳೇ.

ಈ ಮಾತಿಗೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಾದುದಿಲ್ಲ. ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದಿಂದ ಹೊರಟು ಮೈಸೂರು ರಸ್ತೆಯನ್ನೇ ಹಿಡಿದು ಚನ್ನಪಟ್ಟಣದವರೆಗೆ ಹೋದರೆ ಸಾಕು. ೨೦೧೫ರ ನವೆಂಬರಿನಲ್ಲಿ ತೆರೆದ ಈ ನಿಲ್ದಾಣವೂ ಇದಕ್ಕೆ ಹೊರತಲ್ಲ. ನಮ್ಮ ಮೆಟ್ರೋದ ಮೊದಲ ಹಂತಕ್ಕೆ ತಗುಲಿದ ಹಣದಲ್ಲಿ ಒಂದು ಪಾಲು ಜಪಾನು ಕೊಟ್ಟ ಸಾಲ. ಆದರೆ ಸಾಲದ ಮಾತು ಲೆಕ್ಕಪತ್ರದವರಿಗೆ ಸೇರಿದ್ದು. ವಿದ್ಯೆಯ ಮಾತಿಗೆ ಬರೋಣ.

ರಸ್ತೆಯಲ್ಲಿ ಮೊದಲು ಸಿಕ್ಕುವುದು ಬಿಡದಿ. ೧೯೯೭ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆಯಿಂದ ೧೯೯೯ರ ಕೊನೆಗೆ ಕ್ವಾಲಿಸ್ ಗಾಡಿಗಳು ಹೊರಬರತೊಡಗಿದವು. ನಿತ್ಯವೂ ಸ್ವಲ್ಪಸ್ವಲ್ಪ ತಿದ್ದಿಕೊಳ್ಳುತ್ತ ಹೋಗುವುದಕ್ಕೆ ಜಪಾನೀಯರು ‘ಕೈಜೆನ್’ ಎನ್ನುತ್ತಾರೆ. ಆ ಮಾತು ಈಗ ನಮ್ಮ ಕಾರ್ಖಾನೆಗಳಲ್ಲೆಲ್ಲ ಬಳಕೆಗೆ ಬಂದಿದೆ. ೨೦೦೭ರಿಂದ ಅಲ್ಲಿಯೇ ಒಂದು ತರಬೇತಿ ಶಾಲೆಯೂ ಇದೆ. ಹೊಸ ಶಿಸ್ತು ನೆಲಕ್ಕೆ ಹೊಂದುವುದು ಸುಲಭವಾಗಿರಲಿಲ್ಲ. ೨೦೧೪ರಲ್ಲಿಯೂ ೨೦೨೦ರಲ್ಲಿಯೂ ಕಾರ್ಮಿಕರಿಗೂ ಆಡಳಿತಕ್ಕೂ ವಿರಸ ಬಂದು ಬಾಗಿಲು ಮುಚ್ಚಿದ್ದುಂಟು.

ಇನ್ನು ರೇಷ್ಮೆಯ ಕಥೆ. ಇದು ಹಳೆಯದು, ಸ್ವಾರಸ್ಯವಾದದ್ದು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಸ್ಥಳದ ಹೆಸರನ್ನು ನೀವು ಕೇಳಿರುತ್ತೀರಿ. ಬಸ್ಸಿನ ನಿಲ್ದಾಣಕ್ಕೆ ಆ ಹೆಸರು ಏಕೆ ಬಂತೆಂದು ಯೋಚಿಸುವವರು ಕಡಮೆ. ೧೮೯೩ರಲ್ಲಿ ಜಪಾನಿಗೆ ಹೋಗಿದ್ದ ಜಮಶೇಟ್‌ಜಿ ಟಾಟಾ ಅವರು ಅಲ್ಲಿನ ರೇಷ್ಮೆಯ ಕೆಲಸವನ್ನು ಕಂಡು, ಆ ದಶಕದಲ್ಲಿಯೇ ಮೈಸೂರು ಸಂಸ್ಥಾನದ ನೆರವಿನಿಂದ ಅಲ್ಲೊಂದು ಮಾದರಿ ಕ್ಷೇತ್ರವನ್ನು ತೆರೆದರು; ಕಲಿಸುವುದಕ್ಕೆ ಜಪಾನಿನಿಂದಲೇ ತಜ್ಞರನ್ನು ಕರೆಸಿದರು. ಆ ಕಾಲಕ್ಕೆ ನಮ್ಮ ರೇಷ್ಮೆ ಬೆಳೆಗಾರರನ್ನು ಹಣ್ಣುಮಾಡಿದ್ದುದು ಪೆಬ್ರಿನ್ ಎಂಬ ವ್ಯಾಧಿ. ಗಂಟುರೋಗವೆಂದು ಹೇಳುವುದು ಇದನ್ನೇ. ಇದು ತಾಯಿ ಪತಂಗದಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳಕ್ಕೆ ಇಳಿದುಬರುತ್ತದೆ. ಹುಳು ಮೇಯುತ್ತಿರುವಾಗ ಔಷಧ ಹಾಕಿ ಗುಣಪಡಿಸುವಂತಿಲ್ಲ. ಮೊಟ್ಟೆಯಿಟ್ಟ ಪತಂಗವನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವುದೊಂದೇ ದಾರಿ. ಫ್ರಾನ್ಸಿನಲ್ಲಿ ಪ್ಯಾಸ್ಟರ್ ಕಂಡುಕೊಂಡ ಈ ಕ್ರಮವನ್ನು ಜಪಾನೀಯರು ತಮ್ಮದನ್ನಾಗಿ ಮಾಡಿಕೊಂಡಿದ್ದರು. ನಮ್ಮಲ್ಲಿಗೆ ಅದು ಹೀಗೆ ಸುತ್ತಿಬಳಸಿ ಬಂತು.

ಆದರೆ ಜಪಾನಿನ ಹುಳು ಹಾಗೆಯೇ ಇಲ್ಲಿ ಬಾಳಲಿಲ್ಲ. ಅವರ ತಳಿಗಳು ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ದ್ವಿತಳಿಗಳು. ಗೂಡು ಬೆಳ್ಳಗೆ, ದಪ್ಪ. ಒಂದೊಂದು ಗೂಡಿನಿಂದ ಸುಮಾರು ೧,೦೦೦ ಮೀಟರು ಎಳೆ ಬಿಚ್ಚಬಹುದು. ನಮ್ಮ ಮೈಸೂರು ತಳಿಯ ಹಸಿರು ಹಳದಿ ಗೂಡಿನಲ್ಲಿ ಅದರ ಅರ್ಧಕ್ಕೂ ಕಡಮೆ. ಹಾಗಾದರೆ ರೈತ ಜಪಾನೀ ಹುಳುವನ್ನೇ ಏಕೆ ಸಾಕಬಾರದೆಂದು ನೀವು ಕೇಳಬಹುದು. ಅದು ಕೋಮಲವಾದ ಹುಳು. ತಂಪಾದ, ಚೊಕ್ಕಟವಾದ ಮನೆ ಬೇಕು. ಎಳೆಯ, ಒಳ್ಳೆಯ ಹಿಪ್ಪುನೇರಳೆ ಸೊಪ್ಪು ಬೇಕು. ಅಡಿಗೆಮನೆಯ ಪಕ್ಕದಲ್ಲೇ ತಟ್ಟೆಗಳನ್ನು ಜೋಡಿಸಿ ಹುಳು ಸಾಕುವ ಸಂಸಾರದಲ್ಲಿ, ಬೇಸಗೆಯ ಧಗೆಯಲ್ಲಿ, ಅದು ಹಣ್ಣಾಗುವ ಮೊದಲೇ ಸತ್ತರೆ ಇಡೀ ಮನೆಯವರು ಹಗಲಿರುಳು ದುಡಿದ ನಾಲ್ಕು ವಾರಗಳು ನೀರುಪಾಲು. ಸೊಪ್ಪಿಗೆ ಮಾಡಿದ ಸಾಲ ಮಾತ್ರ ಉಳಿಯುತ್ತದೆ. ಬಡವನಿಗೆ ಹೆಚ್ಚು ನೂಲಿಗಿಂತ ಕೈಗೆ ಬರುವ ಬೆಳೆ ಮುಖ್ಯ. ರೈತನ ಈ ಲೆಕ್ಕವನ್ನು ಹಿಂಜರಿಕೆಯೆಂದು ಜರೆದವರು ಹುಳುವಿನ ಮನೆಯಲ್ಲಿ ರಾತ್ರಿ ಎದ್ದು ಸೊಪ್ಪು ಹಾಕಿದವರಲ್ಲ.

ಆದ್ದರಿಂದ ಮಧ್ಯಮಾರ್ಗವೊಂದು ಹುಟ್ಟಿತು. ೧೯೨೦ರ ದಶಕದಲ್ಲಿ ಮೈಸೂರು ತಳಿಯ ಹೆಣ್ಣಿಗೆ ಜಪಾನಿನಿಂದ ತರಿಸಿದ ‘ಸಿ. ನಿಚಿ’ ಎಂಬ ತಳಿಯ ಗಂಡನ್ನು ಕೂಡಿಸಿ ಮಿಶ್ರತಳಿಯನ್ನು ಮಾಡಿದರು. ತಾಯಿಯಿಂದ ತಾಳಿಕೆ, ತಂದೆಯಿಂದ ನೂಲು. ದಶಕಗಳ ಕಾಲ ನಮ್ಮ ಹಳ್ಳಿಗಳು ಬದುಕಿದ್ದು ಈ ಸಂಬಂಧದಿಂದ. ಮತ್ತೆ ೧೯೯೧ರಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾಲಯದಲ್ಲಿ ಜಪಾನೀ ವಿಜ್ಞಾನಿಗಳೂ ನಮ್ಮವರೂ ಜೊತೆಗೂಡಿ ದುಡಿದು, ನಮ್ಮ ಹವೆಗೆ ಒಗ್ಗುವ ದ್ವಿತಳಿಗಳನ್ನೇ ರೂಪಿಸಿದರು. ಸಿ.ಎಸ್.ಆರ್. ೨, ಸಿ.ಎಸ್.ಆರ್. ೪ ಎಂಬ ನೀರಸ ಹೆಸರಿನ ಆ ಹುಳುಗಳ ಬೆಳ್ಳನೆಯ ಗೂಡುಗಳನ್ನು ನೀವು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನೋಡಬಹುದು. ಪಕ್ಕದಲ್ಲೇ ಮಿಶ್ರತಳಿಯ ಹಳದಿ ಗೂಡುಗಳೂ ಇರುತ್ತವೆ. ಹುಳುವಿನ ಜೊತೆಗೆ ಸಾಕುವ ಕ್ರಮವೂ ಬದಲಾಯಿತು. ಮೊದಲ ಎರಡು ಜ್ವರದವರೆಗಿನ ಎಳೆಹುಳುಗಳನ್ನು ಚಾಕಿ ಕೇಂದ್ರದವರು ಸಾಕಿಕೊಟ್ಟರೆ, ರೈತನು ಹುಳುವಿಗೆಂದೇ ಕಟ್ಟಿದ ಬೇರೆ ಮನೆಯಲ್ಲಿ ಮುಂದಿನದನ್ನು ನೋಡಿಕೊಳ್ಳುತ್ತಾನೆ. (ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ನಮ್ಮ ರೈತರಿಟ್ಟ ಹೆಸರು.)

ರಾಮನಗರದಿಂದ ಹತ್ತು ಹನ್ನೆರಡು ಕಿಲೋಮೀಟರು ಮುಂದೆ ಹೋದರೆ ಚನ್ನಪಟ್ಟಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿನ ಬಾವಾಸ್ ಮಿಯಾನ್ ಎಂಬವರು ಜಪಾನೀಯರ ಗೊಂಬೆ ಕೆಲಸದ ಕ್ರಮವನ್ನು ತಂದು ಊರಿನವರಿಗೆ ಕಲಿಸಿದರೆಂದು ಹೇಳುತ್ತಾರೆ. ಇಲ್ಲಿಯೂ ಅದೇ ಕಥೆ. ಜಪಾನೀಯರ ಮೆರುಗು ಉರುಶಿ ಎಂಬ ಮರದ ಹಾಲು. ನಮ್ಮ ಕೇರುಮರದ ಬಂಧು ಅದು. ಹಸಿಯಾಗಿ ಸೋಂಕಿದರೆ ಮೈ ಬೊಬ್ಬೆಯೇಳುತ್ತದೆ. ಕುಂಚದಿಂದ ಪದರಪದರವಾಗಿ ಬಳಿದು, ತೇವದ ಗಾಳಿಯಲ್ಲಿ ಪ್ರತಿಯೊಂದು ಪದರವೂ ಗಟ್ಟಿಯಾಗುವವರೆಗೆ ಕಾಯಬೇಕು. ಚನ್ನಪಟ್ಟಣದವರಲ್ಲಿ ಅಷ್ಟು ಪುರಸೊತ್ತೂ ಇರಲಿಲ್ಲ, ಆ ಮರವೂ ಇರಲಿಲ್ಲ. ಅವರಲ್ಲಿ ಇದ್ದುದು ಹಾಲೆಮರ ಮತ್ತು ಕೀಟ ಕೊಡುವ ಅರಗು. ಲೇತಿನ ಮೇಲೆ ಗಿರಗಿರನೆ ತಿರುಗುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಮೇಲೆ ಕೇದಿಗೆ ಜಾತಿಯ ಗಿಡದ ಒಣಗರಿಯನ್ನು ಒತ್ತಿ ಉಜ್ಜಿದರೆ ಕನ್ನಡಿಯಂಥ ಹೊಳಪು. ಗೊಂಬೆಯೊಂದಕ್ಕೆ ಕೆಲವೇ ನಿಮಿಷ. ಮಗು ಬಾಯಿಗಿಟ್ಟರೂ ಭಯವಿಲ್ಲ, ಬಣ್ಣ ಗಿಡಮೂಲಿಕೆಯದಾಗಿದ್ದರೆ. ಈ ‘ಆಗಿದ್ದರೆ’ ಎಂಬುದನ್ನು ಕೊಳ್ಳುವವರು ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ೨೦೦೫-೦೬ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಕಾನೂನುರಕ್ಷೆ ಸಿಕ್ಕಿತು. ಆದರೂ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಮುಂದೆ ಮರ ಕಡೆಯುವವನ ಕೂಲಿ ಗಿಟ್ಟುವುದು ಕಷ್ಟ. ಮಕ್ಕಳು ಬೇರೆ ಕೆಲಸ ಹುಡುಕಿಕೊಂಡು ಹೋದರೆ ಅವರನ್ನು ದೂರುವಂತಿಲ್ಲ.

ಗೊಂಬೆಯ ಮಾತು ಬಂದಾಗ ಇನ್ನೊಂದನ್ನು ಹೇಳದಿರಲಾರೆ. ಜಪಾನಿನಲ್ಲಿ ಮಾರ್ಚ್ ೩ ಹೆಣ್ಣುಮಕ್ಕಳ ಹಬ್ಬ, ಹಿನಾಮತ್ಸುರಿ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ, ಕೆಳಗೆ ಸಖಿಯರು, ವಾದ್ಯದವರು. ನಮ್ಮ ಮೈಸೂರು ಸೀಮೆಯ ದಸರಾ ಗೊಂಬೆಯ ಹಂತಗಳನ್ನು ಜೋಡಿಸಿ ಬಲ್ಲ ಯಾವ ಗೃಹಿಣಿಗೂ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಗೊಂಬೆಗಳನ್ನು ಹೆಣ್ಣುಮಗುವಿಗೆ ತಾಯಿಯ ತವರಿನವರು ಕೊಡುವುದು ಅಲ್ಲಿಯ ವಾಡಿಕೆ. ಪಟ್ಟದ ಗೊಂಬೆಗಳನ್ನು ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳಿಸುವುದು ಇಲ್ಲಿಯದು. ಹಬ್ಬ ಮುಗಿದ ಮೇಲೆ ಗೊಂಬೆಗಳನ್ನು ಬೇಗ ತೆಗೆದಿಡದಿದ್ದರೆ ಮಗಳ ಮದುವೆ ತಡವಾಗುತ್ತದೆಂದು ಜಪಾನಿನ ಹಿರಿಯರು ಹೇಳುತ್ತಾರಂತೆ. ಮುಂದಿನ ಜಪಾನ್ ಹಬ್ಬಕ್ಕೆ ನೀವು ಹೋದರೆ, ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಒರಿಗಾಮಿಯ ಮೇಜಿನ ಬಳಿ ಮಕ್ಕಳು ಕೊಕ್ಕರೆ ಮಡಿಸುತ್ತಿರುವಾಗ, ಆಕೆ ಅಲ್ಲಿನ ಜಪಾನೀ ಹೆಂಗಸರೊಡನೆ ಗೊಂಬೆಯ ಮಾತನ್ನು ತೆಗೆಯಲಿ. ಭಾಷೆ ಬಾರದಿದ್ದರೆ ಪಕ್ಕದಲ್ಲಿ ಜಪಾನೀ ಕಲಿಯುತ್ತಿರುವ ನಮ್ಮ ಹುಡುಗರು ಯಾರಾದರೂ ಇದ್ದೇ ಇರುತ್ತಾರೆ.