ಸಂಶೋಧನಪತ್ರಿಕೆಗೆ ಲೇಖನವನ್ನು ಕಳುಹಿಸುವ ಕ್ರಮ

ಸಂಶೋಧನಪತ್ರಿಕೆಗಳು ಲೇಖಕರಿಗಾಗಿ ಕೆಲವು ಸೂಚನೆಗಳನ್ನು ಅಚ್ಚುಮಾಡುವುದು ವಾಡಿಕೆ. ಪುಟಗಳ ಮಿತಿ, ಅಂಚಿನ ಅಳತೆ, ಅಡಿಟಿಪ್ಪಣಿಗಳ ಸ್ಥಾನ ಮೊದಲಾದುವು ಅಲ್ಲಿ ಕಾಣುತ್ತವೆ. ಆದರೆ ಆ ನಿಯಮಗಳು ಏತಕ್ಕಾಗಿ ಏರ್ಪಟ್ಟುವೆಂಬುದು ಕಾಣುವುದಿಲ್ಲ. ಆದುದರಿಂದ ಹಳಗನ್ನಡ ಕಾವ್ಯಗಳನ್ನೂ ಶಾಸನಗಳನ್ನೂ ಕುರಿತು ಬರೆಯುವವರಿಗೆ ವಿಶೇಷವಾಗಿ ಸಂಬಂಧಿಸಿದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಲೇಖಕನು ಹೇಳಿದುದನ್ನು ವಾಚಕನು ತಾನೇ ಆಕರದಲ್ಲಿ ನೋಡಿ ತೂಗಿಕೊಳ್ಳುವಂತಿರಬೇಕು. ಮಿಕ್ಕ ನಿಯಮಗಳೆಲ್ಲ ಬಹುಮಟ್ಟಿಗೆ ಇದರಿಂದಲೇ ಹೊರಟುವು. ಎಪಿಗ್ರಾಫಿಯ ಕರ್ನಾಟಿಕದಿಂದ ಒಂದು ತಾಲ್ಲೂಕಿನ ಹೆಸರನ್ನೂ ಒಂದು ಸಂಖ್ಯೆಯನ್ನೂ ಎತ್ತಿ ಬರೆದು ಅಷ್ಟಕ್ಕೇ ಬಿಡುವುದು ಅನೇಕರ ಪದ್ಧತಿ. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ಸಂಪುಟಗಳಲ್ಲದೆ, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳೂ ಉಂಟು. ಇವೆರಡರಲ್ಲಿ ಶಾಸನಗಳ ಸಂಖ್ಯೆಗಳು ಒಂದೇ ಅಲ್ಲ. ಆವೃತ್ತಿಯನ್ನು ಹೇಳದ ಉಲ್ಲೇಖವನ್ನು ನಂಬಿ ಹೊರಟವನು ಬೇರೊಂದು ಊರಿನ ಕಲ್ಲಿನ ಮುಂದೆ ಹೋಗಿ ನಿಂತಾನು. ಓಲೆಪ್ರತಿಯಾದರೆ ಅದು ಯಾವ ಭಂಡಾರದ್ದು, ಅಲ್ಲಿಯ ಸಂಖ್ಯೆ ಯಾವುದು, ಗರಿ ಯಾವುದು ಎಂಬುದನ್ನು ತಿಳಿಸತಕ್ಕದ್ದು. ಗರಿ ಮುರಿದೆಡೆಯಲ್ಲಿ ತಾನು ಊಹಿಸಿ ತುಂಬಿದ ಅಕ್ಷರಗಳನ್ನು ಆವರಣಚಿಹ್ನೆಯೊಳಗೆ ಇಡದಿದ್ದರೆ, ಮುಂದಿನವರು ಅವನ್ನು ಕವಿಯ ಮಾತೆಂದೇ ಎಣಿಸುವರು.

ಆಕರದಲ್ಲಿರುವುದನ್ನೂ ತನ್ನ ಅನುಮಾನವನ್ನೂ ಬೇರ್ಪಡಿಸಿ ಹೇಳುವುದು ಇನ್ನೂ ಗುರುತರವಾದ ಹೊಣೆ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿ ಶಾಸನವನ್ನೇ ನೋಡಬಹುದು. ಅದರಲ್ಲಿ ಶಕವರ್ಷದ ಉಲ್ಲೇಖವಿಲ್ಲ. ಕ್ರಿ. ಶ. ಸುಮಾರು 450 ಎಂಬ ಕಾಲವು ಲಿಪಿಯ ರೂಪವನ್ನೂ, ಶಾಸನದಲ್ಲಿ ಬರುವ ಕಾಕುಸ್ಥನ ಹೆಸರನ್ನೂ ಆಧರಿಸಿದ ಅನುಮಾನ. ಮೊದಲ ಲೇಖನದಲ್ಲಿ ‘ಸುಮಾರು’ ಎಂಬ ಮಾತಿರುತ್ತದೆ. ಅದನ್ನು ನೋಡಿ ಬರೆದ ಎರಡನೆಯದರಲ್ಲಿ ಅದು ಜಾರಿಹೋಗುತ್ತದೆ. ಮೂರನೆಯದರ ಹೊತ್ತಿಗೆ ವಿದ್ಯಾರ್ಥಿಗಳು ಆ ವರ್ಷವನ್ನು ಕಲ್ಲಿನಲ್ಲಿ ಕೊರೆದಿದೆಯೆಂಬಂತೆ ಬಾಯಿಪಾಠ ಮಾಡುತ್ತಾರೆ. ತಪ್ಪು ಒಂದು ಪದದ್ದು. ಅದನ್ನು ತರಗತಿಯಿಂದ ಹೊರಗೆ ತರುವುದಕ್ಕೆ ಒಂದು ತಲೆಮಾರು ಸಾಲದು.

ಅಕ್ಷರಗಳ ವಿಷಯವೂ ಅಲ್ಪವಲ್ಲ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಬದುಕು, ‘ಬಾಳ್’ ಎಂದರೆ ಕತ್ತಿ. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಪ್ರತಿಯನ್ನು ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಇಂತಹ ಅಕ್ಷರಗಳು ಕೆಡುವ ಸಂಭವ ಹೆಚ್ಚು. ಯೂನಿಕೋಡಿನಲ್ಲಿ ಱಕಾರ ೞಕಾರಗಳಿಗೆ ಪ್ರತ್ಯೇಕ ಸ್ಥಾನವಿರುವುದರಿಂದ ಲೇಖಕರು ಮೊದಲಿಗೇ ಅದರಲ್ಲಿ ಬರೆದು, ಉದ್ಧರಿಸಿದ ಭಾಗಗಳನ್ನು ಕಳುಹಿಸುವ ಮುನ್ನ ಆಕರದೊಡನೆ ಮತ್ತೊಮ್ಮೆ ಹೋಲಿಸುವುದು ಒಳ್ಳೆಯದು. ಛಂದಸ್ಸನ್ನು ಕುರಿತ ಲೇಖನದಲ್ಲಿಯೇ ಪದ್ಯದ ಮಾತ್ರೆ ತಪ್ಪಿರುವುದನ್ನು ಕಂಡರೆ ವಿಮರ್ಶಕನಿಗೆ ನಗೆಯೂ ಬರುತ್ತದೆ, ಖೇದವೂ ಆಗುತ್ತದೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸಿ, ಬಳಿಕ ಸಿದ್ಧಾಂತಕ್ಕೆ ಬರುವುದು ನಮ್ಮ ಶಾಸ್ತ್ರಕಾರರ ರೀತಿ. ಕವಿರಾಜಮಾರ್ಗದ ಕರ್ತೃ ಶ್ರೀವಿಜಯನೆಂದು ವಾದಿಸುವವರು ನೃಪತುಂಗನ ಪಕ್ಷದವರ ಆಧಾರಗಳನ್ನೂ ಕಾಣಿಸತಕ್ಕದ್ದು. ನೃಪತುಂಗನ ಪಕ್ಷದವರಿಗೂ ಇದೇ ಮಾತು ಸಲ್ಲುತ್ತದೆ. ಒಬ್ಬರಿಂದ ಪಡೆದ ಸೂಚನೆ ಬಾಯಿಮಾತಿನದೇ ಆಗಿದ್ದರೂ ಅವರ ಹೆಸರನ್ನು ಹೇಳದೆ ಬಿಡುವುದು ಕೃತಘ್ನತೆ.

ಇನ್ನು ಕಳುಹಿಸುವ ವಿಷಯ. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಕೂಡದೆಂಬ ನಿಯಮವನ್ನು ಕೆಲವರು ಸಂಪಾದಕರ ಬಿಗುಮಾನವೆಂದು ಭಾವಿಸುತ್ತಾರೆ. ವಸ್ತುತಃ ಲೇಖನವನ್ನು ಪರಿಶೀಲಿಸುವ ವಿದ್ವಾಂಸರು ಸಾಮಾನ್ಯವಾಗಿ ಯಾವ ಸಂಭಾವನೆಯನ್ನೂ ಪಡೆಯದೆ ತಮ್ಮ ವಿರಾಮಕಾಲವನ್ನು ಇದಕ್ಕೆ ವ್ಯಯಿಸುವವರು. ಎರಡೆಡೆಗೆ ಕಳುಹಿಸಿದರೆ ಒಂದು ಕಡೆಯ ಶ್ರಮ ಖಂಡಿತವಾಗಿ ವ್ಯರ್ಥ. ವರ್ಷಕ್ಕೆ ನಾಲ್ಕೇ ಸಂಚಿಕೆಗಳುಳ್ಳ ಪತ್ರಿಕೆಯಲ್ಲಿ ನಿರ್ಣಯಕ್ಕೆ ತಿಂಗಳುಗಳು ಹಿಡಿಯುವುದು ಸಹಜ. ಆದರೂ ಬಡ್ತಿಗಾಗಿ ಕಾದಿರುವ ಅಧ್ಯಾಪಕರ ಆತುರವನ್ನು ನಾವು ಅರಿಯದವರಲ್ಲ. ತಡವಾಯಿತೆಂದು ತೋರಿದರೆ ವಿಚಾರಿಸಿ ಬರೆಯಬಹುದು, ಲೇಖನವನ್ನು ಹಿಂದಕ್ಕೆ ಪಡೆಯಲೂಬಹುದು; ತಿಳಿಸದೆ ಬೇರೆಡೆಗೆ ಕಳುಹಿಸುವುದು ಮಾತ್ರ ಸಲ್ಲದು. ಹಣ ಕೊಟ್ಟರೆ ವಾರದೊಳಗೆ ಅಚ್ಚುಮಾಡುವೆವೆನ್ನುವ ಪತ್ರಿಕೆಗಳಿಂದ ದೂರವಿರುವುದು ಕ್ಷೇಮ.

ಪರಿಶೀಲಕರಿಗೆ ಲೇಖಕರ ಹೆಸರು ತಿಳಿಯಬಾರದೆಂಬ ಪದ್ಧತಿಯಿದ್ದಲ್ಲಿ ಹೆಸರನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ‘ನಾನು ನನ್ನ ಹಿಂದಿನ ಲೇಖನದಲ್ಲಿ ತೋರಿಸಿದಂತೆ’ ಎಂಬ ವಾಕ್ಯವು ಒಳಗೆ ಉಳಿದರೆ ಆ ಹಾಳೆಯಿಂದ ಪ್ರಯೋಜನವಿಲ್ಲ. ಆಕ್ಷೇಪಗಳು ಬಂದಾಗ ಒಂದೊಂದಕ್ಕೂ ಉತ್ತರ ಬರೆಯತಕ್ಕದ್ದು. ಒಪ್ಪದಿರುವ ಅಧಿಕಾರ ಲೇಖಕರಿಗೆ ಉಂಟು, ಕಾರಣವನ್ನು ಹೇಳಬೇಕು ಅಷ್ಟೆ. ಕರಡಚ್ಚು ಬಂದಾಗ ಅಚ್ಚಿನ ತಪ್ಪುಗಳನ್ನು ಮಾತ್ರ ತಿದ್ದಿ ಬೇಗನೆ ಹಿಂದಿರುಗಿಸಬೇಕು. ಹೊಸ ಕಂಡಿಕೆಗಳನ್ನು ಸೇರಿಸುವುದಕ್ಕೆ ಅದು ಸಮಯವಲ್ಲ. ಪ್ರಕಟವಾದ ಮೇಲೆ ತನ್ನ ಓದಿಕೆಯೇ ತಪ್ಪೆಂದು ಲೇಖಕನಿಗೆ ಕಂಡುಬಂದರೆ, ಇತರರು ತೋರಿಸುವವರೆಗೆ ಕಾಯದೆ ಅದೇ ಪತ್ರಿಕೆಗೆ ತಿದ್ದುಪಡಿಯನ್ನು ಬರೆದು ಕಳುಹಿಸಬೇಕು; ಅದು ಎರಡು ಸಾಲಿನದಾದರೂ ಆಗಬಹುದು.