ಕಾರು ಓಡಿಸುವ ಸದಸ್ಯರ ಗಮನಕ್ಕೆ: ಮೋಟಾರ್ ಸೈಕಲ್ ಸವಾರನಿಗೂ ದಾರಿ ಕೊಡಿ



ಎತ್ತಿನ ಗಾಡಿಯಲ್ಲಿ ಕಬ್ಬು ಸಾಗಿಸಿದ ಮನೆಗಳ ಮುಂದೆ ಇಂದು ಕಾರು ನಿಂತಿದೆ. ಅದೇ ಮನೆಯ ಮಗ ಮೋಟಾರ್ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು.

ಅಪಘಾತವಾದ ಮೇಲೆ ಕಾರಿನವರು ಸಾಮಾನ್ಯವಾಗಿ ಹೇಳುವ ಮಾತು, "ನಾನು ಅವನನ್ನು ನೋಡಲೇ ಇಲ್ಲ" ಎಂಬುದು. ಇದು ಅನೇಕ ಸಲ ನಿಜವೇ. ಕಾರಿನ ಮುಂಗಾಜಿನ ಪಕ್ಕದ ಕಂಬದ ಹಿಂದೆ ಒಬ್ಬ ಸವಾರ ಪೂರ್ತಿ ಮರೆಯಾಗಬಲ್ಲನು. ಅಲ್ಲದೆ, ಅಗಲ ಕಡಿಮೆಯಾದ ವಾಹನವು ಇರುವುದಕ್ಕಿಂತ ದೂರದಲ್ಲಿದೆ, ನಿಧಾನವಾಗಿ ಬರುತ್ತಿದೆ ಎಂದು ನಮ್ಮ ಕಣ್ಣಿಗೆ ತೋರುತ್ತದೆ. ಆದ್ದರಿಂದ ಒಮ್ಮೆ ನೋಡಿದರೆ ಸಾಲದು. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಎರಡನೆಯ ಸಲ ನೋಡಬೇಕು.

ಅದಿಯಮಾನ್‌ಕೋಟೆಯನ್ನೇ ತೆಗೆದುಕೊಳ್ಳಿ. ಸೇಲಂ ಹೆದ್ದಾರಿಯೂ ಪಾಲಕ್ಕೋಡು-ಹೊಸೂರು ರಸ್ತೆಯೂ ಇಲ್ಲಿ ಕೂಡುತ್ತವೆ. ಕೃಷ್ಣಪಕ್ಷದ ಅಷ್ಟಮಿಯಂದು ಕಾಲಭೈರವನ ಗುಡಿಗೆ ಬರುವವರ ದಟ್ಟಣೆ ಬೇರೆ. ಇಂಥ ಕಡೆ ಈ ಕ್ರಮಗಳನ್ನು ಪಾಲಿಸಿರಿ:

1. ಬಲಕ್ಕೆ ತಿರುಗುವಾಗ ಎದುರಿನಿಂದ ಬರುವ ಸವಾರ ದಾಟುವವರೆಗೆ ಕಾಯಿರಿ. ಎಡಕ್ಕೆ ತಿರುಗುವ ಮುನ್ನ ಎಡಗನ್ನಡಿ ನೋಡಿ, ತಲೆ ತಿರುಗಿಸಿಯೂ ನೋಡಿರಿ.

2. ಸವಾರನು ಗೇರು ಇಳಿಸಿ ವೇಗ ತಗ್ಗಿಸಿದರೆ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಮೂರು ಸೆಕೆಂಡಿನ ಅಂತರ, ಅಂದರೆ 50 ಮೀಟರ್ ಬಿಡಿರಿ. ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಇನ್ನೂ ಹೆಚ್ಚು ಬಿಡಿರಿ.

3. ಕಟಾವಿನ ಕಾಲದಲ್ಲಿ ರಸ್ತೆಯ ಮೇಲೆ ಕಬ್ಬಿನ ಜಲ್ಲೆ, ಸೋಗೆ, ಹೊಲದ ಕೆಸರು ಬಿದ್ದಿರುತ್ತವೆ. ಕಾರು ಅವನ್ನು ತುಳಿದು ಹೋದೀತು. ಎರಡು ಗಾಲಿಯವನು ಪಕ್ಕಕ್ಕೆ ಸರಿಯಲೇಬೇಕು. ಅವನಿಗೆ ಆ ಜಾಗ ಬಿಡಿರಿ. ಟ್ರೈಲರಿನಿಂದ ಜಲ್ಲೆ ಉದುರದಂತೆ ಬಿಗಿದು ಕಟ್ಟುವುದು ನಮ್ಮ ಹೊಣೆ.

4. ನಿಂತ ಕಾರಿನ ಬಲಬಾಗಿಲನ್ನು ಎಡಗೈಯಿಂದ ತೆರೆಯಿರಿ. ಆಗ ಮೈ ತಾನಾಗಿ ತಿರುಗಿ, ಹಿಂದಿನಿಂದ ಬರುವವನು ಕಾಣುತ್ತಾನೆ.

5. ರಾತ್ರಿ ಎದುರಿಗೆ ಸವಾರ ಕಂಡೊಡನೆ ದೀಪ ತಗ್ಗಿಸಿರಿ.

ಸವಾರರು ಹೆಲ್ಮೆಟ್ ಧರಿಸುವುದು ಕಡ್ಡಾಯ. ಮಕ್ಕಳಿಗೆ ಇದನ್ನು ಹೇಳಿರಿ.

ಯಾರಾದರೂ ಬಿದ್ದಿರುವುದು ಕಂಡರೆ ಪೊಲೀಸ್ ತೊಂದರೆಗೆ ಅಂಜಿ ಮುಂದೆ ಹೋಗದಿರಿ. 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ನೆರವಾದವರಿಗೆ ರಕ್ಷಣೆ ಕೊಡುತ್ತದೆ. 108ಕ್ಕೆ ಫೋನ್ ಮಾಡಿರಿ. ಮೊದಲ 48 ಗಂಟೆಗಳ ಉಚಿತ ಚಿಕಿತ್ಸೆಗಾಗಿ ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ಯೋಜನೆ ಆರಂಭಿಸಿತು.

ಕೂಡುರಸ್ತೆಯಲ್ಲಿ ಎರಡನೆಯ ಸಲ ನೋಡಲು ಬೇಕಾಗುವುದು ಒಂದೆರಡು ಸೆಕೆಂಡು ಮಾತ್ರ. ಎದುರಿಗೆ ಬರುತ್ತಿರುವವನು ನಿಮ್ಮ ನೆರೆಹೊಲದವರ ಮಗನೇ ಇರಬಹುದು.

— ಕಬ್ಬು ಅಭಿವೃದ್ಧಿ ಅಧಿಕಾರಿ