ಉಂಡ ಅನ್ನವು ಶಕ್ತಿಯಾಗುವ ಬಗೆ

ಪ್ರತಿದಿನವೂ ನಾವು ಉಣ್ಣುತ್ತೇವೆ. ಉಂಡು ಓಡುತ್ತೇವೆ, ಓದುತ್ತೇವೆ, ನಿದ್ರಿಸುತ್ತೇವೆ. ನಿದ್ರೆಯಲ್ಲಿಯೂ ಹೃದಯವು ತನ್ನ ಬಡಿತವನ್ನು ನಿಲ್ಲಿಸುವುದಿಲ್ಲ. ಈ ಎಲ್ಲ ಕೆಲಸಗಳಿಗೂ ಬೇಕಾದ ಶಕ್ತಿಯು ಅನ್ನದಿಂದ ಬರುತ್ತದೆಂಬುದು ಎಳೆಯ ಮಕ್ಕಳಿಗೂ ಗೊತ್ತು. ಆದರೆ ತಟ್ಟೆಯಲ್ಲಿದ್ದ ಅನ್ನವು ಕಾಲಿನ ಸ್ನಾಯುವಿನಲ್ಲಿ ಓಟವಾಗಿ ಮಾರ್ಪಡುವುದು ಹೇಗೆ? ನಡುವೆ ಏನೇನು ನಡೆಯುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಶಾಸ್ತ್ರಕ್ಕೆ ಜೀವರಸಾಯನಶಾಸ್ತ್ರವೆಂದು ಹೆಸರು. ವೈದ್ಯ ವಿದ್ಯಾರ್ಥಿಗಳು ತಮ್ಮ ಮೊದಲನೆಯ ವರ್ಷದಲ್ಲಿಯೇ ಇದನ್ನು ಅಭ್ಯಾಸ ಮಾಡುತ್ತಾರೆ. ಇದರ ಅತಿ ಮುಖ್ಯವಾದ ಒಂದು ಅಧ್ಯಾಯಕ್ಕೂ ನಾವು ವಾಸವಾಗಿರುವ ಈ ಚೆನ್ನೈ ನಗರಕ್ಕೂ ನಿಕಟವಾದ ಸಂಬಂಧವುಂಟು. ಆ ಸಂಬಂಧವನ್ನು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ದೇಹವು ಕೋಟ್ಯನುಕೋಟಿ ಜೀವಕೋಶಗಳಿಂದಾದ ಒಂದು ಮಹಾನಗರ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದೊಂದು ಜೀವಕೋಶವೂ ಒಂದೊಂದು ಕಾರ್ಖಾನೆ. ಅಲ್ಲಿ ಹಗಲಿರುಳೂ ಎರಡು ಬಗೆಯ ಕೆಲಸಗಳು ನಡೆಯುತ್ತಿರುತ್ತವೆ. ದೊಡ್ಡ ವಸ್ತುಗಳನ್ನು ಒಡೆದು ಶಕ್ತಿಯನ್ನು ಪಡೆಯುವುದು ಒಂದು. ಆ ಶಕ್ತಿಯನ್ನು ವ್ಯಯಮಾಡಿ ದೇಹಕ್ಕೆ ಬೇಕಾದ ಹೊಸ ವಸ್ತುಗಳನ್ನು ಕಟ್ಟುವುದು ಇನ್ನೊಂದು. ಇವೆರಡನ್ನೂ ಕೂಡಿಸಿ ಚಯಾಪಚಯವೆಂದು ಕರೆಯುತ್ತಾರೆ.

ಅನ್ನದ ತುತ್ತೊಂದನ್ನು ಬಾಯಲ್ಲಿ ಚೆನ್ನಾಗಿ ಅಗಿದು ಸ್ವಲ್ಪ ಹೊತ್ತು ಇಟ್ಟುಕೊಂಡಿರಿ. ಸಪ್ಪೆಯಾಗಿದ್ದ ಅನ್ನವು ಮೆಲ್ಲಮೆಲ್ಲನೆ ಸಿಹಿಯಾಗುತ್ತದೆ. ಅಕ್ಕಿಯಲ್ಲಿರುವ ಪಿಷ್ಟವು ಸಕ್ಕರೆಯ ಕಣಗಳನ್ನು ಸರಪಣಿಯಂತೆ ಜೋಡಿಸಿ ಮಾಡಿದ ವಸ್ತು. ಜೊಲ್ಲಿನಲ್ಲಿರುವ ಒಂದು ಕಿಣ್ವವು ಆ ಸರಪಣಿಯನ್ನು ಕತ್ತರಿಸುವುದರಿಂದಲೇ ಸಿಹಿಯು ಹುಟ್ಟುತ್ತದೆ. ಕಿಣ್ವವೆಂದರೆ ತಾನು ಮುಗಿದುಹೋಗದೆ, ರಾಸಾಯನಿಕ ಕ್ರಿಯೆಯನ್ನು ಬಹು ಬೇಗ ನಡೆಯಿಸಿಕೊಡುವ ವಸ್ತು. ಕರುಳಿನಲ್ಲಿ ಈ ಕೆಲಸವು ಪೂರ್ಣಗೊಂಡು ಪಿಷ್ಟವೆಲ್ಲವೂ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ರಕ್ತದಲ್ಲಿ ಸೇರಿ ಎಲ್ಲ ಜೀವಕೋಶಗಳಿಗೂ ಹಂಚಿಕೆಯಾಗುತ್ತದೆ.

ಸಕ್ಕರೆಯನ್ನು ಬೆಂಕಿಗೆ ಹಾಕಿದರೆ ಅದು ಉರಿದು, ಆಮ್ಲಜನಕದೊಡನೆ ಕೂಡಿ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಜೀವಕೋಶದಲ್ಲಿಯೂ ಕೊನೆಗೆ ಆಗುವುದು ಇಷ್ಟೇ. ಒಂದು ಅಣು ಗ್ಲೂಕೋಸ್ 6 ಅಣು ಆಮ್ಲಜನಕದೊಡನೆ ಸೇರಿ, 6 ಅಣು ಇಂಗಾಲದ ಡೈಆಕ್ಸೈಡನ್ನೂ 6 ಅಣು ನೀರನ್ನೂ ಕೊಡುತ್ತದೆ. ಒಟ್ಟು ಹೊರಬೀಳುವ ಶಕ್ತಿಯೂ ಒಂದೇ. ಆದರೆ ಒಲೆಯ ಉರಿಯಲ್ಲಿ ಶಕ್ತಿಯೆಲ್ಲವೂ ಒಮ್ಮೆಲೇ ಶಾಖವಾಗಿ ಹಾರಿಹೋಗುತ್ತದೆ. ಜೀವಕೋಶವಾದರೋ 37 ಡಿಗ್ರಿಯ ಮೈಬಿಸಿಯಲ್ಲಿಯೇ, ಒಂದೊಂದು ಹೆಜ್ಜೆಗೆ ಒಂದೊಂದು ಕಿಣ್ವವನ್ನು ನಿಲ್ಲಿಸಿ, ಮಹಡಿಯಿಂದ ಮೆಟ್ಟಲಿಳಿಯುವಂತೆ ಗ್ಲೂಕೋಸನ್ನು ಕೆಳಗಿಳಿಸುತ್ತದೆ. ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಈ ಮೆಟ್ಟಲುಗಳಲ್ಲಿ ಮೊದಲನೆಯ ಸಾಲಿಗೆ ಆಮ್ಲಜನಕವೇ ಬೇಕಿಲ್ಲ. ಇಲ್ಲಿ ಗ್ಲೂಕೋಸ್ ಎರಡು ತುಂಡಾಗಿ ಪೈರುವಿಕ್ ಆಮ್ಲವಾಗುತ್ತದೆ. ನಮ್ಮ ಮನೆಗಳಲ್ಲಿ ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗಿರುವುದನ್ನು ನೋಡಿದ್ದೀರಲ್ಲವೆ? ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಹಂಗಿಲ್ಲದೆ ಸಕ್ಕರೆಯನ್ನು ಒಡೆದು ತಮ್ಮ ಜೀವನ ಸಾಗಿಸುತ್ತವೆ. ಅವು ಬಿಟ್ಟ ಲ್ಯಾಕ್ಟಿಕ್ ಆಮ್ಲದಿಂದ ಹುಳಿಯೂ ಅನಿಲದಿಂದ ಉಬ್ಬೂ ಉಂಟಾಗುತ್ತವೆ. ಮೈಸೂರು ಸೀಮೆಯ ಚಳಿಯಲ್ಲಿ ಮೆಲ್ಲಗೆ ಹುದುಗುವ ಹಿಟ್ಟು ಇಲ್ಲಿನ ಸೆಕೆಯಲ್ಲಿ ಬೇಗನೆ ಉಕ್ಕಿಬಿಡುತ್ತದೆ. ಕಿಣ್ವಗಳು ಬಿಸಿಯಲ್ಲಿ ಚುರುಕಾಗುವುದೇ ಇದಕ್ಕೆ ಕಾರಣ. ಓಟದ ಪಂದ್ಯದಲ್ಲಿ ಆಮ್ಲಜನಕವು ಸಾಲದೆ ಬಂದಾಗ ನಮ್ಮ ಸ್ನಾಯುಗಳೂ ಇದೇ ದಾರಿಯನ್ನು ಹಿಡಿದು ಲ್ಯಾಕ್ಟಿಕ್ ಆಮ್ಲವನ್ನು ಉಂಟುಮಾಡುತ್ತವೆ.

ಆಮ್ಲಜನಕವು ಸಾಕಷ್ಟಿರುವಾಗ ಪೈರುವಿಕ್ ಆಮ್ಲವು ಜೀವಕೋಶದ ಒಳಗಿನ ಮೈಟೊಕಾಂಡ್ರಿಯಗಳೆಂಬ ಪುಟ್ಟ ಚೀಲಗಳನ್ನು ಪ್ರವೇಶಿಸುತ್ತದೆ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಎಂಬ ವಿಜ್ಞಾನಿಯು ಇಂಗ್ಲೆಂಡಿನಲ್ಲಿ ಕಂಡುಹಿಡಿದ ಕ್ರಿಯಾಚಕ್ರವು ಇಲ್ಲಿಯೇ ಸುತ್ತುತ್ತದೆ. ನಾವು ಉಸಿರಾಗಿ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಬಹುಮಟ್ಟಿಗೆ ಹುಟ್ಟುವುದೂ, ಒಳಗೆಳೆದುಕೊಂಡ ಆಮ್ಲಜನಕವು ಬಳಕೆಯಾಗುವುದೂ ಇಲ್ಲಿಯೇ. ಆಮ್ಲಜನಕವನ್ನು ಊರೆಲ್ಲ ಹೊತ್ತು ತಿರುಗುವ ಕೆಂಪು ರಕ್ತಕಣದಲ್ಲಿ ಮಾತ್ರ ಮೈಟೊಕಾಂಡ್ರಿಯವಿಲ್ಲ. ತಾನು ಹೊತ್ತ ಸರಕನ್ನು ತಾನೇ ಮುಟ್ಟದ ಪ್ರಾಮಾಣಿಕ ಕೂಲಿಯಾಳು ಅದು!

ಹೀಗೆ ಹಿಡಿದಿಟ್ಟ ಶಕ್ತಿಯು ಯಾವ ರೂಪದಲ್ಲಿರುತ್ತದೆ? ಬಸ್ಸಿನಲ್ಲಿ ಐನೂರು ರೂಪಾಯಿಯ ನೋಟನ್ನು ನೀಡಿದರೆ ಕಂಡಕ್ಟರರು ಚಿಲ್ಲರೆ ಕೇಳುತ್ತಾರೆ. ಹಣವಿದ್ದರೂ ಚಿಲ್ಲರೆಯಿಲ್ಲದೆ ಟಿಕೆಟ್ಟು ದೊರೆಯುವುದು ಕಷ್ಟ. ಗ್ಲೂಕೋಸ್ ಮತ್ತು ಕೊಬ್ಬುಗಳು ಜೀವಕೋಶದ ಪಾಲಿಗೆ ದೊಡ್ಡ ನೋಟುಗಳು. ಅವುಗಳನ್ನು ಮುರಿಸದೆ ಸ್ನಾಯುವು ಒಂದು ಕೂದಲೆಳೆಯಷ್ಟೂ ಅಲುಗದು. ಮುರಿಸಿದಾಗ ದೊರೆಯುವ ಚಿಲ್ಲರೆಗೆ ಅಡಿನೋಸಿನ್ ಟ್ರೈಫಾಸ್ಫೇಟ್ ಅಥವಾ ಸಂಕ್ಷೇಪವಾಗಿ ಎ.ಟಿ.ಪಿ. ಎಂದು ಹೆಸರು. ಇದಕ್ಕೆ ರಂಜಕವುಳ್ಳ ಮೂರು ಫಾಸ್ಫೇಟ್ ಗುಂಪುಗಳು ಬಾಲದಂತೆ ಅಂಟಿಕೊಂಡಿರುತ್ತವೆ. ಕೊನೆಯದು ಕಳಚಿದಾಗ ಶಕ್ತಿಯು ಬಿಡುಗಡೆಯಾಗುತ್ತದೆ. ಆಹಾರದ ಶಕ್ತಿಯಿಂದ ಅದನ್ನು ಮತ್ತೆ ಅಂಟಿಸಬಹುದು. ಒಂದು ಗ್ಲೂಕೋಸ್ ಅಣುವನ್ನು ಆಮ್ಲಜನಕವಿಲ್ಲದೆ ಒಡೆದರೆ ಉಳಿಯುವುದು 2 ಎ.ಟಿ.ಪಿ. ಮಾತ್ರ, ಪೂರ್ತಿಯಾಗಿ ಉರಿಸಿದರೆ ಸುಮಾರು 30ರಿಂದ 32. ಹಳೆಯ ಪುಸ್ತಕಗಳಲ್ಲಿ 38 ಎಂದಿರುವ ಲೆಕ್ಕವನ್ನು ಈಚಿನ ಅಳತೆಗಳು ತಿದ್ದಿವೆ. ದೇಹದಲ್ಲಿ ಯಾವುದೇ ಕ್ಷಣದಲ್ಲಿ ಇರುವ ಎ.ಟಿ.ಪಿ. ಕೆಲವು ಹಿಡಿಗಳಷ್ಟು, ಆದರೆ ಅದೇ ನಾಣ್ಯವು ಒಂದು ದಿನದಲ್ಲಿ ಎಷ್ಟು ಸಲ ಕೈಯಿಂದ ಕೈಗೆ ತಿರುಗುತ್ತದೆಂದರೆ, ಒಟ್ಟು ವಹಿವಾಟು ಹೆಚ್ಚು ಕಡಮೆ ಮನುಷ್ಯನ ತೂಕದಷ್ಟಾಗುತ್ತದೆ!

ಈ ಚಿಲ್ಲರೆಯ ರಹಸ್ಯವನ್ನು ಹೊರಗೆಡಹಿದವರಲ್ಲಿ ಒಬ್ಬರು ಯಲ್ಲಾಪ್ರಗಡ ಸುಬ್ಬರಾವ್. ಇವರು 1895ರ ಜನವರಿ 12ರಂದು ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಭೀಮವರದಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದರು. ತೆಲುಗು ಮಾತೃಭಾಷೆಯ ಈ ಹುಡುಗ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ವಿಫಲನಾಗಿ, ಮೂರನೆಯ ಸಲ ಇಲ್ಲಿನ ತಿರುವಲ್ಲಿಕ್ಕೇಣಿಯ ಹಿಂದೂ ಹೈಸ್ಕೂಲಿನಿಂದ ತೇರ್ಗಡೆಯಾದನು. ಬಳಿಕ ಕಡಲತೀರಕ್ಕೆ ಎದುರಾಗಿರುವ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಸೆಂಟ್ರಲ್ ನಿಲ್ದಾಣದ ಸಮೀಪದ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಅದು ಸ್ವಾತಂತ್ರ್ಯ ಚಳವಳಿಯ ಕಾಲ. ಶಸ್ತ್ರಚಿಕಿತ್ಸೆಯ ತರಗತಿಗೆ ಖಾದಿಯುಡುಪು ಧರಿಸಿ ಹೋದುದರಿಂದ ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರೆಂದೂ, ಆದುದರಿಂದಲೇ ಅವರಿಗೆ ಎಂ.ಬಿ.ಬಿ.ಎಸ್. ದೊರೆಯದೆ ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ದೊರೆಯಿತೆಂದೂ ಅವರ ಚರಿತ್ರಕಾರರು ಬರೆಯುತ್ತಾರೆ. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸಿ, ತರುವಾಯ ಅವರು ಅಮೆರಿಕದ ಬಾಸ್ಟನ್ ನಗರಕ್ಕೆ ತೆರಳಿದರು. ಅಲ್ಲಿ ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರ ಪಾತ್ರೆಗಳನ್ನು ತೊಳೆಯುವ ಕೆಲಸವನ್ನೂ ಮಾಡುತ್ತ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ನಡೆಸಿದರು.

ಅಲ್ಲಿ ಸೈರಸ್ ಫಿಸ್ಕೆ ಎಂಬವರೊಡನೆ ಸೇರಿ, ರಕ್ತದಲ್ಲಿಯೂ ಸ್ನಾಯುವಿನಲ್ಲಿಯೂ ಇರುವ ರಂಜಕವನ್ನು ಅಳೆಯುವ ಒಂದು ವಿಧಾನವನ್ನು ಸುಬ್ಬರಾವ್ 1925ರಲ್ಲಿ ಪ್ರಕಟಿಸಿದರು. ಕೆಲವು ರಾಸಾಯನಿಕಗಳನ್ನು ಬೆರಸಿದರೆ ರಂಜಕವಿರುವ ದ್ರವವು ನೀಲಿಬಣ್ಣಕ್ಕೆ ತಿರುಗುತ್ತದೆ. ನೀಲಿಯು ಗಾಢವಾದಷ್ಟೂ ರಂಜಕವು ಹೆಚ್ಚು. ಇದೇ ವಿಧಾನವನ್ನು ಸ್ನಾಯುವಿನ ರಸಕ್ಕೆ ಪ್ರಯೋಗಿಸಿದಾಗ ಒಂದು ವಿಚಿತ್ರವು ಕಂಡುಬಂದಿತು. ನೀಲಿಯು ಬರಬೇಕಾದ ಹೊತ್ತಿಗೆ ಪೂರ್ತಿಯಾಗಿ ಬರಲಿಲ್ಲ. ನಿಮಿಷ ನಿಮಿಷಕ್ಕೂ ಹೆಚ್ಚುತ್ತಲೇ ಹೋಯಿತು. ಅವಸರದವರಾಗಿದ್ದರೆ ಪ್ರಯೋಗವು ಕೆಟ್ಟಿತೆಂದು ಚೆಲ್ಲಿಬಿಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಯಾವುದೋ ಬಲು ನಾಜೂಕಾದ ವಸ್ತುವು ಮೆಲ್ಲಮೆಲ್ಲನೆ ಒಡೆದು ತನ್ನಲ್ಲಿದ್ದ ರಂಜಕವನ್ನು ಬಿಟ್ಟುಕೊಡುತ್ತಿರಬೇಕೆಂದು ತರ್ಕಿಸಿ, ಆ ವಸ್ತುವನ್ನು ಬೆನ್ನಟ್ಟಿದರು. ಅದೇ ಫಾಸ್ಫೋಕ್ರಿಯಾಟಿನ್. ಸ್ನಾಯುವು ದುಡಿದಾಗ ಇದು ಕಡಮೆಯಾಗುತ್ತದೆ, ವಿಶ್ರಮಿಸಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಈ ಶೋಧವು 1927ರಲ್ಲಿ ಪ್ರಕಟವಾಯಿತು. 1929ರಲ್ಲಿ ಎ.ಟಿ.ಪಿ.ಯನ್ನೂ ಇವರಿಬ್ಬರು ಗುರುತಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬವರೂ ಸ್ವತಂತ್ರವಾಗಿ ಅದನ್ನು ಕಂಡುಹಿಡಿದರು.

ನಮ್ಮ ಶಾಲೆಯ ಕ್ರೀಡಾದಿನದಂದು ನೂರು ಮೀಟರ್ ಓಟ ಆರಂಭವಾದೊಡನೆ ಓಟಗಾರನ ಕಾಲಿನಲ್ಲಿ ನಡೆಯುವುದೂ ಇದೇ. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎ.ಟಿ.ಪಿ.ಯು ಕೆಲವೇ ಸೆಕೆಂಡುಗಳಲ್ಲಿ ಮುಗಿಯುವಷ್ಟು ಅಲ್ಪ. ಕೂಡಲೆ ಫಾಸ್ಫೋಕ್ರಿಯಾಟಿನ್ ತನ್ನ ಫಾಸ್ಫೇಟನ್ನು ಕೊಟ್ಟು ಎ.ಟಿ.ಪಿ.ಯನ್ನು ಮರಳಿ ಹುಟ್ಟಿಸುತ್ತದೆ. ಅದು ತೀರುವ ವೇಳೆಗೆ ಸಕ್ಕರೆಯ ಒಡೆತವು ವೇಗವಾಗಿ ನಡೆಯತೊಡಗುತ್ತದೆ. ದೂರದ ಓಟವಾದರೆ ಮೈಟೊಕಾಂಡ್ರಿಯಗಳೇ ಹೆಚ್ಚಿನ ಭಾರವನ್ನು ಹೊರುತ್ತವೆ. ಮರಣಾನಂತರ ದೇಹವು ಬಿಗಿದು ಕಟ್ಟಿಗೆಯಂತಾಗುವುದಕ್ಕೂ ಎ.ಟಿ.ಪಿ. ತೀರಿಹೋಗುವುದೇ ಕಾರಣ, ಸಂಕುಚಿತವಾದ ಸ್ನಾಯುವು ಸಡಿಲಗೊಳ್ಳುವುದಕ್ಕೂ ಅದು ಬೇಕು.

ಅನ್ನವು ಹೊಟ್ಟೆ ತುಂಬ ದೊರೆತ ಮಾತ್ರಕ್ಕೆ ಈ ಕಾರ್ಖಾನೆಯು ನಡೆಯಲಾರದು. ಅನೇಕ ಕಿಣ್ವಗಳು ಜೀವಸತ್ವಗಳ ನೆರವಿಲ್ಲದೆ ಕೆಲಸ ಮಾಡುವುದಿಲ್ಲ. ಪೈರುವಿಕ್ ಆಮ್ಲವು ಕ್ರೆಬ್ಸ್ ಚಕ್ರಕ್ಕೆ ಸೇರಬೇಕಾದರೆ ಥಯಮಿನ್ ಎಂಬ ಬಿ1 ಜೀವಸತ್ವವು ಬೇಕು. ಇದು ಅಕ್ಕಿಯ ಹೊರಪದರಿನಲ್ಲಿರುತ್ತದೆ. ಬೆಳ್ಳಗಾಗುವಂತೆ ಪಾಲಿಷ್ ಮಾಡಿದಾಗ ತೌಡಿನೊಡನೆ ಹೊರಟುಹೋಗುತ್ತದೆ. ಬಿಳಿಯ ಅಕ್ಕಿಯನ್ನೇ ನೆಚ್ಚಿದ್ದ ಮದರಾಸು ಪ್ರಾಂತದ ತೆಲುಗು ಕರಾವಳಿಯಲ್ಲಿ ಹಿಂದೆ ಬೆರಿಬೆರಿ ರೋಗವು ಜನರನ್ನು ಕಾಡಿತು. ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಕುಸುಬಲಕ್ಕಿಯಲ್ಲಿ ಥಯಮಿನ್ ಒಳಗಿನ ಕಾಳಿಗೂ ಇಳಿದಿರುವುದರಿಂದ ಅದು ಸುಲಭವಾಗಿ ನಷ್ಟವಾಗದು. ಇಲ್ಲಿನ ಅಂಗಡಿಗಳಲ್ಲಿ ಪುಳುಂಗಲರಿಸಿ ಎಂದು ಮಾರುವುದು ಇದನ್ನೇ.

ಸುಬ್ಬರಾವ್ ಅವರ ಬದುಕಿಗೂ ಇಂತಹ ಒಂದು ಜೀವಸತ್ವವು ತೊಡರಿಕೊಂಡಿದೆ. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಹೊಟ್ಟೆಯ ರೋಗದಿಂದ ಅಲ್ಪಕಾಲದ ಅಂತರದಲ್ಲಿ ತೀರಿಕೊಂಡರು. ಅಂದು ಅದಕ್ಕೆ ಮದ್ದಿರಲಿಲ್ಲ. ಮುಂದೆ 1940ರಲ್ಲಿ ಲೆಡರ್ಲೆ ಸಂಸ್ಥೆಯನ್ನು ಸೇರಿದ ಸುಬ್ಬರಾವ್ ಅವರ ನೇತೃತ್ವದಲ್ಲಿ, 1945ರ ಸುಮಾರಿಗೆ, ಫೋಲಿಕ್ ಆಮ್ಲವೆಂಬ ಜೀವಸತ್ವವನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಲಾಯಿತು. ಹೊಸ ಜೀವಕೋಶಗಳು ಹುಟ್ಟುವುದಕ್ಕೆ ಇದು ಅತ್ಯಗತ್ಯ. ದಂಟು, ಮೆಂತ್ಯ ಮೊದಲಾದ ಸೊಪ್ಪುಗಳಲ್ಲಿ ಹೇರಳವಾಗಿದೆ. ಸ್ಪ್ರೂ ರೋಗಿಗಳ ಪಾಲಿಗೆ ಅದೇ ಮದ್ದಾಯಿತು. ಅದೇ ವಸ್ತುವಿನ ರೂಪವನ್ನು ತುಸು ಬದಲಿಸಿ, ಕ್ಯಾನ್ಸರಿನ ಜೀವಕೋಶಗಳನ್ನು ವಂಚಿಸಿ ಉಪವಾಸ ಕೆಡಹುವ ಔಷಧಗಳನ್ನೂ ಅಲ್ಲಿ ಸಿದ್ಧಪಡಿಸಿದರು. ಅವುಗಳಲ್ಲೊಂದಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಆನೆಕಾಲು ರೋಗದ ವಿರುದ್ಧ ನಮ್ಮ ದೇಶದಲ್ಲಿ ಈಗಲೂ ಹಂಚುವ ಡೈಈಥೈಲ್ ಕಾರ್ಬಮಜೀನ್ ಮಾತ್ರೆಯೂ ಅದೇ ಪ್ರಯೋಗಶಾಲೆಯ ಕೊಡುಗೆ. 1948ರ ಆಗಸ್ಟ್ ತಿಂಗಳಲ್ಲಿ, 53ನೆಯ ವಯಸ್ಸಿನಲ್ಲಿ ಅವರು ಅಮೆರಿಕದಲ್ಲಿಯೇ ನಿಧನ ಹೊಂದಿದರು. 1995ರಲ್ಲಿ ಭಾರತ ಸರ್ಕಾರವು ಅವರ ಅಂಚೆಚೀಟಿಯನ್ನು ಹೊರತಂದಿತು.

ನಮ್ಮ ಮಕ್ಕಳಲ್ಲಿ ಹಲವರು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮುಂದಿನ ಓದಿಗೆ ಇಂಗ್ಲಿಷ್ ಎಂದಾಗ, ವೈದ್ಯಶಾಸ್ತ್ರವು ತಮಗೆ ಎಟುಕದೆಂದು ಅಂಜುತ್ತಾರೆ. ಅಂಜಬೇಕಾಗಿಲ್ಲ. ಅನ್ನವು ಸಿಹಿಯಾಗುವುದೇಕೆ, ಹಿಟ್ಟು ಹುಳಿಯುವುದೇಕೆ ಎಂಬ ಪ್ರಶ್ನೆಗಳು ಯಾವ ಒಂದು ಭಾಷೆಯ ಸ್ವತ್ತೂ ಅಲ್ಲ. ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿದ ವಿಷಯಕ್ಕೆ ಇಂಗ್ಲಿಷಿನಲ್ಲಿ ಹೆಸರು ಕಲಿಯುವುದು ಕೆಲವು ತಿಂಗಳ ಶ್ರಮ. ತಿಳಿಯದೆ ಬಾಯಿಪಾಠ ಮಾಡಿದ ಹೆಸರು ಯಾವ ಭಾಷೆಯಲ್ಲಿದ್ದರೂ ನಿಷ್ಪ್ರಯೋಜಕ. ಮೂರನೆಯ ಸಲ ಮೆಟ್ರಿಕ್ ಮುಗಿಸಿದ ಒಬ್ಬ ವಿದ್ಯಾರ್ಥಿಯು, ತಡವಾಗಿ ಏರಿದ ನೀಲಿಬಣ್ಣವನ್ನು ಚೆಲ್ಲದೆ ಕಾದು ನೋಡಿದುದರಿಂದ ಲೋಕಕ್ಕೆ ಎಷ್ಟು ಉಪಕಾರವಾಯಿತೆಂಬುದನ್ನು ನೆನೆಯಿರಿ. ಬೆಳಗಿನ ಉಪಾಹಾರವನ್ನು ಬಿಡದಿರಿ, ಸೊಪ್ಪನ್ನು ತಟ್ಟೆಯಂಚಿಗೆ ತಳ್ಳದಿರಿ. ಕಂಡುದನ್ನೆಲ್ಲ ಏಕೆಂದು ಕೇಳುವ ಅಭ್ಯಾಸವನ್ನೂ ಬಿಡದಿರಿ.